ಮಗಳ ಫೋನಿಗೆ ಲಾಕು

ದವಡೆಹಲ್ಲು ಕೀಳಿಸಿಕೊಂಡ ಟೈಲರಮ್ಮ ಹತ್ತಿ ಕಚ್ಚಿಕೊಂಡು ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತಿದ್ದಳು. ಸ್ವಲ್ಪ ಹೊತ್ತು ಮಾತಾಡಬಾರದು, ಉಗಿಯಲೇಬಾರದು ಅಂತ ಡಾಕ್ಟರು ಹೇಳಿದ್ದರು. ಪಕ್ಕದಲ್ಲಿ ಅಕ್ಕ ತಂಗಿ ಇಬ್ಬರು. ಅಕ್ಕನ ಮಗಳು ಒಳಗೆ ಹಲ್ಲು ತೋರಿಸುತ್ತಿದ್ದಳು.

"ಅವಳ ಫೋನಿಗೆ ಲಾಕ್ ಹಾಕಿಬಿಟ್ಟೆ. ನಾನು ಬಿಟ್ಟಷ್ಟೇ ಕಾಣ್ಸೋದು," ಅಂದಳು ಅಕ್ಕ.

"ಒಳ್ಳೇದಾಯ್ತು ಬಿಡು. ಏನೇನೋ ಕೊಳಕು ನೋಡಿ ಮಕ್ಕಳು ಕೆಡ್ತವೆ."

"ಅದಕ್ಕಲ್ಲ. ನನ್ನ ಚಾನೆಲ್ ನೋಡಬಾರದು ಅಂತ."

"ನಿನ್ನದೇ ಚಾನೆಲ್ಲಾ? ಯಾಕೆ?"

"ಮಾರ್ಕ್ಸ್ ಕಮ್ಮಿ ಬಂತು ಅಂತ ಬೈದಾಗ ಗೋಳೋ ಅಂತ ಅತ್ತಳಲ್ಲ, ಆ ವಿಡಿಯೋ ಹಾಕಿದೀನಿ. ಲಕ್ಷಗಟ್ಟಲೆ ಜನ ನೋಡಿದಾರೆ."

"ನಾನೂ ನೋಡಿದೆ. ಅದರ ಕೆಳಗೆ ಗಂಡಸರು ಬರೆದಿರೋದನ್ನ ಓದಿದೀಯಾ ಅಕ್ಕ? ನನಗೆ ವಾಕರಿಕೆ ಬಂತು."

"ಓದದೆ ಏನು? ಅಳಿಸಿದ್ರೆ ವ್ಯೂಸ್ ಬಿದ್ದುಹೋಗುತ್ತೆ. ಅವಳ ಕಣ್ಣಿಗೆ ಬೀಳದಿದ್ರೆ ಸಾಕು."

"ಅವಳ ಕ್ಲಾಸಿನ ಮಕ್ಕಳು ನೋಡಲ್ವಾ?"

"ಅವರ ಫೋನಿಗೆ ಲಾಕ್ ಹಾಕೋದು ಅವರವರ ಅಮ್ಮಂದಿರ ಕೆಲಸ, ನನ್ನದಲ್ಲ."

ಅಷ್ಟರಲ್ಲಿ ಬಾಗಿಲು ತೆರೆಯಿತು. ಕೆನ್ನೆ ಊದಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಹುಡುಗಿ ಹೊರಗೆ ಬಂದಳು. ಅಮ್ಮ ಬ್ಯಾಗಿನಿಂದ ಫೋನು ತೆಗೆದದ್ದೇ ತಡ, ಹುಡುಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಕೈ ತೆಗಿ ಪುಟ್ಟಿ. ಒಂದೇ ನಿಮಿಷ. ಲೇ, ಈ ಬ್ಯಾಗ್ ಹಿಡ್ಕೊ."

ತಂಗಿ ಬ್ಯಾಗು ಹಿಡಿದುಕೊಂಡಳು.

ಮೂವರೂ ಮೆಟ್ಟಿಲಿಳಿದು ಹೋದರು. ಟೈಲರಮ್ಮ ಎದ್ದು ಕೈತೊಳೆಯುವ ತೊಟ್ಟಿಯ ಹತ್ತಿರ ಹೋದಳು. ಡಾಕ್ಟರ ಮಾತು ಅಷ್ಟು ಹೊತ್ತು ಪಾಲಿಸಿದ್ದೇ ಹೆಚ್ಚು. ಹತ್ತಿ ಸಮೇತ ಉಗಿದಳು.