ದಸರಾ ಸೆಟ್ಟಿನ ಮರೂನ್

ತೊಂಬತ್ತೆಂಟರಲ್ಲಿ, ಒಂಟಿಕೊಪ್ಪಲ್ ಬಸ್ ಸ್ಟಾಪಿನಲ್ಲಿ, ನನ್ನ ಪಕ್ಕದಲ್ಲೇ ನಿಂತು, ಊದುಬತ್ತಿ ಹೊಸೆಯುವ ಕೆಲಸದ ಪುಟ್ಟತಾಯಮ್ಮ ಫ್ಯಾನ್ಸಿ ಸ್ಟೋರಿನ ಬಿಂದುಶ್ರೀಗೆ ಉಗುರು ತೋರಿಸುತ್ತಿದ್ದರು.

“ಬೇಸಿಗೆ ಸೆಟ್ಟಿನ ಪಿಂಕ್ ನೇಲ್ ಪಾಲಿಶ್ ಎರಡೇ ದಿನಕ್ಕೆ ಎದ್ದೋಯ್ತು. ಬತ್ತಿ ಹಿಟ್ಟಿನ ಇದ್ದಿಲು ಮಸಿ ಎಲ್ಲಾ ಕಾಣ್ತಿತ್ತು.”

“ಈ ದಸರಾ ಸೆಟ್ಟಿನ ಮರೂನು?”

“ಎಂಟು ದಿನ ಹೊಸೆದ್ರೂ ಜಗ್ಗಿಲ್ಲ ಕಣವ್ವ.”

“ನಮ್ ಓನರ್‌ಗೆ ಹೇಳ್ತೀನಿ, ಹೊಸ ಬಣ್ಣದ ಟೆಸ್ಟಿಂಗ್ ನಿಮ್ ಕೈಲೇ ಮಾಡ್ಸಿ ಅಂತ. ಅಂದಂಗೆ, ನಿಮ್ ಬತ್ತಿ ಕೆಲಸದೋರ ಸಂಘದ ಸಭೇಲಿ ಮಾತಾಡಿದ್ರಾ?”

“ಮೂರು ವರ್ಷದಿಂದ ಕೈಯ ಸೆರಗೊಳಗೇ ಇಟ್ಕೊಂಡು ಕೂರ್ತಿದ್ದೆ. ಮೊನ್ನೆ ಮೈಕ್ ಈಸ್ಕೊಂಡು, ಕೈ ತೊಳೆಯೋಕೆ ಸೋಪು ಕೊಡಿ ಅಂತ ಮಾಲೀಕ್ರ ಮುಂದೇನೇ ಕೇಳ್ಬುಟ್ಟೆ. ಎಲ್ಲಾ ನಿನ್ನಿಂದ.”

“ನಾನೇನ್ ಮಾಡ್ದೆ? ಬಣ್ಣ ಬಳಿದೆ, ಅಷ್ಟೇ.”

“ಇನ್ಯಾರು ಈ ಕೈ ಹಿಡ್ಕೊಂಡು ಒಂದೊಂದೇ ಬೆರಳು ನೋಡಿದ್ರು, ಹೇಳು?”

ಕೆಸರೆ ಬಸ್ಸು ಬಂತು. ಬಿಂದುಶ್ರೀ ಮೊದಲು ಹತ್ತಿ, ಪುಟ್ಟತಾಯಮ್ಮನತ್ತ ಕೈ ಚಾಚಿದಳು.