ಗುಬ್ಬಚ್ಚಿಗೆ ಎಷ್ಟು ವ್ಯಾಟು ಬೇಕು?

ಚಳಿ ಇಳಿಯುತ್ತಿದ್ದ ಕಾಲ, ಬೆಳಗಿನ ಹನ್ನೊಂದರ ಹೊತ್ತು. ರೇಡಿಯೊ, ಕಂಪ್ಯೂಟರು ಎರಡನ್ನೂ ರಿಪೇರಿ ಮಾಡುವ ಅಂಗಡಿಯ ಬೆಂಚಿನ ಮೇಲೆ ನನ್ನ ರೇಡಿಯೊಗಾಗಿ ಕಾಯುತ್ತಿದ್ದೆ. ಕೊರಳಲ್ಲಿ ಅಳತೆಯ ಟೇಪು ಹಾಗೇ ಇದ್ದ ಟೈಲರಮ್ಮ ಒಬ್ಬಳು ಮಗಳ ಜೊತೆ ಬಂದಳು. ತಾನೇ ಜೋಡಿಸಿದ ಕಂಪ್ಯೂಟರನ್ನು ಮಗಳು ಮೇಜಿನ ಮೇಲಿಟ್ಟಳು.

“ಎಲ್ಲ ಭಾಗ ಕೂಡಿಸಿದ್ರೆ ನಾನೂರೈವತ್ತು ವ್ಯಾಟಮ್ಮಾ. ಪವರ್ ಸಪ್ಲೈನೂ ನಾನೂರೈವತ್ತರದ್ದೇ ಹಾಕ್ದೆ. ಆದ್ರೂ ಸಿನಿಮಾ ತಯಾರು ಮಾಡೋಕೆ ಬಿಟ್ರೆ ಮಧ್ಯದಲ್ಲೇ ಆರಿಹೋಗುತ್ತೆ.”

“ಆ ಗುಬ್ಬಚ್ಚಿ ಕಾರ್ಟೂನ್ ಸಿನಿಮಾನಾ?”

“ಹ್ಞೂಂ. ಶುಕ್ರವಾರ ಸ್ಪರ್ಧೆಗೆ ಕಳಿಸ್ಬೇಕು. ಮೂರು ಸಲ ಲೆಕ್ಕ ಮಾಡ್ದೆ, ತಪ್ಪೇ ಇಲ್ಲ.”

“ಎದೆ ನಲವತ್ತು ಅಂತ ಅಂಗಿನೂ ನಲವತ್ತಕ್ಕೇ ಹೊಲಿದ್ರೆ ಏನಾಗುತ್ತೆ?”

“ಉಸಿರೆಳೆದ್ರೆ ಗುಂಡಿ ಹಾರುತ್ತೆ.”

“ನಿನ್ನ ಮಿಷನ್ನು ಉಸಿರೆಳೆಯಲ್ವೇನೇ?”

ಮಗಳು ಹಣೆ ಚಚ್ಚಿಕೊಂಡಳು. “ಎಳೆಯುತ್ತೆ. ಚಿತ್ರ ಮೂಡಿಸೋ ಕಾರ್ಡು ಇದ್ದಕ್ಕಿದ್ದಂಗೆ ಜಾಸ್ತಿ ಕರೆಂಟ್ ಎಳೆಯುತ್ತೆ!”

ಅಂಗಡಿಯವನು ಕತ್ತೆತ್ತಿದ. “ಸಾವಿರದಿನ್ನೂರರದ್ದು ಕೊಡ್ಲಾ?”

“ಬೇಡಪ್ಪಾ, ಅದು ಇವಳಪ್ಪನ ಕೋಟಿದ್ದಂಗೆ. ಇವಳು ಅದರೊಳಗೇ ಕಳೆದುಹೋಗ್ತಾಳೆ.”

“ಆರುನೂರೈವತ್ತು ಕೊಡಿ,” ಎಂದಳು ಮಗಳು ನಗುತ್ತಾ.

ಅವನು ಅದನ್ನು ಜೋಡಿಸಿದ. ಅರ್ಧ ಗಂಟೆಯಲ್ಲಿ ಸಿನಿಮಾ ತಯಾರಾಯಿತು. ಕಂಪ್ಯೂಟರು ಒಮ್ಮೆಯೂ ಆರಲಿಲ್ಲ. ಪರದೆಯ ಮೇಲೆ ಗುಬ್ಬಚ್ಚಿಯೊಂದು ಸೂಜಿ ಹಿಡಿದು ಹಾರಿಬಂತು.

“ಅಯ್ಯೋ, ಇದಕ್ಕೆ ನನ್ನ ಕನ್ನಡಕ ಹಾಕಿದೀಯಲ್ಲೇ!”

“ಮತ್ತೆ ದಾರ ಹೇಗಮ್ಮಾ ಪೋಣಿಸುತ್ತೆ ಅದು?”

ಇಬ್ಬರೂ ನಗುನಗುತ್ತಲೇ ಕಂಪ್ಯೂಟರನ್ನು ಆಚೆ ಈಚೆ ಹಿಡಿದುಕೊಂಡು ಹೊರಟುಹೋದರು. ಅವತ್ತು ಇನ್ನೂ ಬುಧವಾರ.