ಮೋನಿಷಾಳ ಒರಿಜಿನಲ್ ಫೈಲು

“ಹಲೋ... ಹಲೋ, ಯಾರ್ ಮಾತಾಡ್ತಿರೋದು?... ಸುಮಾನಾ? ಯಾವ್ ಸುಮಾ?... ಆ ಕಾಲೇಜಲ್ಲೇ ಓದ್ತಿರೋಳಾ?... ಹಾಂ, ಹೌದಮ್ಮ, ಮೋನಿಷಾ ಅಪ್ಪಾನೇ, ಮುನೀಂದ್ರ. ಯಾಕೆ, ಏನಾಯ್ತು?... ಪಕ್ಕದಲ್ಲೇ ಇದ್ದಾಳಾ? ಕೊಡು, ಕೊಡು.”

ಹೆಬ್ಬಾಳದ ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಅಟೆಂಡರ್ ಆಗಿದ್ದ ಮುನೀಂದ್ರ, ಡಬ್ಬಿ ಊಟ ಮುಗಿಸಿ ಸಾಹೇಬರ ಬಾಗಿಲ ಮುಂದಿನ ಸ್ಟೂಲಿನಲ್ಲಿ ಕೂತಿದ್ದ. ಮಗಳು ಬೆಳಿಗ್ಗೆ ಮಾಕಳಿ ಆಚೆಯ ಒಂದು ನರ್ಸಿಂಗ್ ಕಾಲೇಜು ನೋಡಿಕೊಂಡು ಬರಲು ಆ ಕಾಲೇಜಿನದೇ ಬಸ್ಸಿನಲ್ಲಿ ಹೋಗಿದ್ದಳು. ಬರೀ ನೋಡಿಕೊಂಡು ಬರಲು. ನಾಳೆ ಸರ್ಕಾರಿ ಸೀಟಿಗೆ ದಾಖಲೆ ತೋರಿಸುವ ದಿನ. ಅಕಸ್ಮಾತ್ ಅದು ಕೈತಪ್ಪಿದರೆ ಇದಿರಲಿ ಎಂದು ಅಪ್ಪನೇ ಕಳಿಸಿದ್ದ.

“ಏನ್ ಪುಟ್ಟ, ನಿನ್ ಫೋನೆಲ್ಲಿ?... ಗೇಟಲ್ಲೇ ಇಸ್ಕೊಂಡ್ರಾ? ಎಲ್ಲರ್ದೂನಾ?... ಇದು ಸುಮಾ ಬಚ್ಚಿಟ್ಕೊಂಡಿರೋದಾ?... ಇರ್ಬೋದು ಬಿಡು, ಶಿಸ್ತು ಅಂದ್ರೆ ಹಂಗೇ. ಅದ್ಸರಿ, ಅವರು ತೋರ್ಸಿದ್ದಷ್ಟೇ ನೋಡ್ಕೊಂಡ್ ಬರ್ಬೇಡ ಅಂದಿದ್ದೆ, ಅಲ್ವಾ? ಬರ್ಕೊಟ್ಟಿದ್ದೆಲ್ಲಾ ಕೇಳಿದ್ಯಾ?... ಲ್ಯಾಬು?... ಪೇಷೆಂಟ್ ಗೊಂಬೆ ಇದೆಯಾ? ಭೇಷ್!... ಹಾಂ? ಪ್ಲಾಸ್ಟಿಕ್ ಕವರ್ರೇ ಬಿಚ್ಚಿಲ್ವಾ?... ಹೊಸದಾಗಿ ತಂದಿರ್ಬೇಕು ಕಣೇ.”

ಅಯ್ಯೋ ಪುಣ್ಯಾತ್ಮ, ಕವರ್ ಬಿಚ್ಚದ ಗೊಂಬೆಯಿಂದ ಯಾವ ಹುಡುಗಿ ಏನು ಕಲಿತಾಳು ಎಂದು ಒಂದು ಗಳಿಗೆ ಯೋಚಿಸಬಾರದಿತ್ತೇ! ಎರಡು ಹಾಳೆ ತುಂಬ ಪ್ರಶ್ನೆ ಬರೆದುಕೊಟ್ಟ ಹುಮ್ಮಸ್ಸು ಅವನದು. ಒಂದೊಂದಕ್ಕೂ ಉತ್ತರ ಬೇಕಿತ್ತು.

“ಆಸ್ಪತ್ರೆ ನೋಡಿದ್ಯಾ? ನೂರು ಬೆಡ್ ಅಂತ ಪಾಂಪ್ಲೆಟ್ಟಲ್ಲಿ ಹಾಕಿದ್ರು... ಬೆಡ್ ಇದಾವೆ, ಸರಿ. ಪೇಷೆಂಟು?... ಒಬ್ರೂ ಇಲ್ವಾ? ಒಬ್ರೂ?... ಹಾಸ್ಟೆಲ್‌ನಲ್ಲಿ ನಲ್ಲಿ ತಿರುಗ್ಸಿ ನೋಡು ಅಂದಿದ್ನಲ್ಲ... ಬೀಗಾನಾ?... ಒಳಗೆ ಹುಡ್ಗೀರಿದ್ದಾರೆ, ಹೊರಗಡೆಯಿಂದ ಬೀಗ ಹಾಕಿದ್ದಾರಾ? ಹಗಲೊತ್ತಲ್ಲೇನಾ?”

ಈಗ ಅವನ ದನಿ ಇಳಿಯಿತು.

“ಮೋನಿ, ಅಳ್ಬೇಡ... ಯಾಕಮ್ಮಾ ಅಳ್ತೀಯ?... ಫೈಲಾ? ಯಾರಿಗ್ ಕೊಟ್ಟೆ?... ನೋಡ್ಬಿಟ್ಟು ಕೊಡ್ತೀವಿ ಅಂದ್ರಾ? ಎಷ್ಟೊತ್ತಾಯ್ತು?... ಮಾರ್ಕ್ಸ್ ಕಾರ್ಡು, ಟಿಸಿ, ಎಲ್ಲಾನೂ ಅದ್ರಲ್ಲೇನಾ?... ಬೀರುಗೆ ಹಾಕಿ ಬೀಗ ಹಾಕ್ಕೊಂಡ್ರಾ!”

ಫೈಲಿಗೆ ಒರಿಜಿನಲ್ ಹಾಕಿಕೊಟ್ಟವನು ಅವನೇ. ನೋಡೋಕೆ ಹೋಗೋದಕ್ಕೆ ಜೆರಾಕ್ಸ್ ಸಾಕಲ್ವೇನ್ರೀ ಎಂದು ಹೆಂಡತಿ ರಾಧಾಮಣಿ ಬೆಳಿಗ್ಗೆಯೇ ಕೇಳಿದ್ದಳು. ಜೆರಾಕ್ಸ್ ಹಿಡಿದು ಬಂದವರನ್ನು ಸಾಹೇಬರು ಬಾಗಿಲಿಂದಲೇ ಹಿಂದಕ್ಕೆ ಅಟ್ಟುವುದನ್ನು ದಿನಾ ಕಾಣುತ್ತಿದ್ದವನು, ‘ನಿಂಗೇನೇ ಗೊತ್ತು ಆಫೀಸ್ ವಿಷ್ಯ’ ಎಂದು ಅವಳ ಬಾಯಿ ಮುಚ್ಚಿಸಿದ್ದ.

“ನಾನೇ ಕೊಟ್ಟಿದ್ದು, ಹೌದು, ನಿನ್ ತಪ್ಪೇನಿಲ್ಲ... ನಾಳೆ ಹತ್ತು ಗಂಟೆಗೆ ಒರಿಜಿನಲ್ ತೋರಿಸ್ದೇ ಇದ್ರೆ ಸೀಟು ಹೋಗುತ್ತೆ ಅಂತ ಹೇಳಿದ್ಯಾ?... ಏನಂದ್ರು?... ನಕ್ರಾ?... ಆ ಹುಡ್ಗಿಗೆ ಕೊಡು, ಒಂದ್ನಿಮಿಷ... ಸುಮಾ, ನಿಂದೂ ಅವ್ರತ್ರಾನೇ ಇದ್ಯೇನಮ್ಮ?... ಎರಡು ವರ್ಷದಿಂದಾನಾ?... ಬಿಟ್ಟು ಹೋಗ್ತೀನಿ ಅಂದ್ರೂ ಕೊಡಲ್ವಾ?... ನಿಮ್ಮಪ್ಪ ಬಂದು ಕೇಳ್ಲಿಲ್ವಾ?... ಗೇಟಲ್ಲೇ ಮೂರು ದಿನ ಕೂತಿದ್ದು ವಾಪಸ್ ಹೋದ್ರಾ...”

“ಅವಳಿಗ್ ಕೊಡಮ್ಮ ಫೋನು... ಮೋನಿ, ಕೇಳಿಲ್ಲಿ. ಯಾವ್ದಕ್ಕೂ ಸೈನ್ ಹಾಕ್ಬೇಡ... ಅಡ್ಮಿಷನ್ ಫಾರಂಗಾ? ಹಾಕಿಲ್ಲ ತಾನೇ?... ಸದ್ಯ!... ನನ್ ಒಪ್ಪಿಗೆ ಬೇಕಂತಾ? ಸತ್ರೂ ಒಪ್ಪಲ್ಲ. ಯಾವನಾದ್ರೂ ಬರ್ಲಿ, ಫೋನ್ ಅವನ ಕೈಗೆ ಕೊಡು, ನಾನ್ ಮಾತಾಡ್ತೀನಿ... ಬಸ್ಸು ಹೊರಟೋಯ್ತಾ? ಹೋಗ್ಲಿ, ನಾನೀಗ್ಲೇ ಗಾಡಿ ತಗೊಂಡು ಬರ್ತೀನಿ, ಗೊರಗುಂಟೆಪಾಳ್ಯ ದಾಟಿದ್ರೆ ಇನ್ನೇನು... ಯಾರದು ಅಲ್ಲಿ? ಯಾರೋ ಬಂದ್ರಾ?... ಮೋನಿ?”

ಆ ಕಡೆ ಗಂಡಸಿನ ದನಿ ಬಂತು. ಗದರಿಕೆಯಿಲ್ಲ, ಅವಸರವಿಲ್ಲ. ದಿನವೂ ಕಿವಿಗೆ ಬೀಳುವ ಸಾಹೇಬರ ದನಿಯ ಹಾಗೆಯೇ ಇತ್ತು. ಮುನೀಂದ್ರ ಸ್ಟೂಲಿನಿಂದ ಎದ್ದು ನಿಂತ. ಎದ್ದದ್ದು ಅವನಿಗೇ ತಿಳಿಯಲಿಲ್ಲ.

“ನಮಸ್ಕಾರ ಸಾರ್... ಹೌದು ಸಾರ್, ಅವಳ ತಂದೆ... ಇಲ್ಲ ಸಾರ್, ಜಗಳ ಏನಿಲ್ಲ, ಹುಡ್ಗಿ ಗಾಬರಿ ಬಿದ್ದಿದ್ದಾಳೆ ಅಷ್ಟೇ... ಅಲ್ಲ ಸಾರ್, ನಾಳೆ ಹತ್ತು ಗಂಟೆಗೆ... ಹಾಂ ಸಾರ್... ನಿಮ್ಮ ರೂಲ್ಸು, ಸರಿ ಸಾರ್, ಆ ಫೈಲ್ ಒಂದು... ಹಾಸ್ಟೆಲ್ಲಾ? ಇವತ್ತಿಂದ್ಲೇನಾ?... ಬಟ್ಟೆಬರೆ ಏನೂ ತಂದಿಲ್ವಲ್ಲ ಸಾರ್ ಅವ್ಳು... ನೀವೇ ಕೊಡ್ತೀರಾ... ಹಾಂ? ರೆಕಾರ್ಡ್ ಆಗ್ತಿದ್ಯಾ?... ತಂದೆ ಒಪ್ಪಿಗೆ ಇದೆಯಾ ಅಂತಾನಾ ಸಾರ್...”

ಬೇಡ ಎನ್ನಲು ಬಾಯಿ ತೆರೆದ. ದೇವರಾಣೆ, ಅದನ್ನೇ ಹೇಳಬೇಕೆಂದಿದ್ದ. ಆದರೆ ಇಪ್ಪತ್ತಾರು ವರ್ಷದಲ್ಲಿ ಒಬ್ಬ ಸಾಹೇಬರಿಗೂ ಆ ಮಾತು ಹೇಳಿ ಗೊತ್ತಿಲ್ಲದ ನಾಲಿಗೆ ಅದು.

“ಆಯ್ತು ಸಾರ್.”

“... ಸಾರ್, ಒಂದ್ನಿಮಿಷ, ಅಲ್ಲ, ನಾನ್ ಹೇಳಿದ್ದು... ಇಲ್ಲ ಸಾರ್! ಒಪ್ಪಲ್ಲ! ನನ್ ಮಗಳನ್ನ ಕಳ್ಸಿ!... ಸಾರ್?... ಮೋನಿ?... ಹಲೋ...”

‘ಆಯ್ತು’ ಎಂದಾಗಲೇ ಲೈನು ಕಟ್ಟಾಗಿತ್ತು.